ಅಜ್ಜಿಯ ಕತೆ ಕೇಳಬೇಡಿ, ಕೆಲಸ ಕೇಳಿ

ಪ್ರಶ್ನೆ: ನನಗೆ 27 ವರ್ಷ. ಊರು ಕುಮಟಾ ತಾಲೂಕಿನ ಅಘನಾಶಿನಿ ಹೊಳೆಯಂಚು, ಕೆಲಸ ಬೆಂಗಳೂರಿನಲ್ಲಿ. ಅಜ್ಜಿಗೆ 85ರ ಹತ್ತಿರ, ತವರು ಅಂಕೋಲೆ ಕಡೆ. ಅವಳ ಬದುಕನ್ನು ಬರೆದಿಡಬೇಕೆಂದು ಹೋದ ಸಲ ಮೊಬೈಲ್ ಎದುರಿಗಿಟ್ಟು ಕೂರಿಸಿದೆ. "ನಮ್ಮದೆಂತಾ ಕತೆ ಮಾರಾಯ್ತಿ, ದುಡಿದ್ವಿ, ಉಂಡ್ವಿ" ಅಂದು ಎದ್ದುಹೋದಳು. ಅವಳ ಎಷ್ಟೋ ನಡವಳಿಕೆ ನನಗೆ ತಿಳಿಯುವುದೇ ಇಲ್ಲ. ಹೊಳೆಯಂಚಿನ ಉಪ್ಪುನೀರಿನ ಗದ್ದೆಯಲ್ಲಿ, ಅಂದರೆ ಗಜನಿಯಲ್ಲಿ, ನಮ್ಮದೊಂದು ಪಾಲಿದೆ, ಈಗ ಬೆಳೆಯಿಲ್ಲ. ಮಾರೋಣವೆಂದರೆ ಅವತ್ತು ಊಟ ಬಿಡುತ್ತಾಳೆ. ಟ್ರಂಕಿನಲ್ಲಿ ಕರೆಂಟ್ ಬಿಲ್ಲಿನವರೆಗೆ ಎಲ್ಲ ಕಾಗದ ಕೂಡಿಟ್ಟಿದ್ದಾಳೆ. ಪ್ರತಿವರ್ಷ ಹೊಸ ಅಕ್ಕಿ, ತೆಂಗಿನಕಾಯಿ ಹೊಳೆಯಾಚೆಯ ಒಂದು ಮನೆಗೆ ಹೋಗಲೇಬೇಕು, ಅವರು ನಮ್ಮ ನೆಂಟರೂ ಅಲ್ಲ. ಕೊನೆಯದನ್ನು ಹೇಳಲು ನಾಚಿಕೆಯಾಗುತ್ತದೆ. ಕೆಲಸಕ್ಕೆ ಬರುವ ಅಕ್ಕನಿಗೆ ಚಾ ಕೊಡಲು ಹಿತ್ತಲಲ್ಲಿ ಬೇರೆ ಲೋಟ ಇಟ್ಟಿದ್ದಾಳೆ. ಅದಕ್ಕೆ ದೊಡ್ಡ ಜಗಳವಾಯಿತು. ಈಗ ಫೋನ್ ಮಾಡಿದರೆ "ಆರಾಮಾ? ಉಂಡ್ಯಾ?" ಬಿಟ್ಟು ಬೇರೆ ಮಾತಿಲ್ಲ. ಇವಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಉತ್ತರ: ಅಜ್ಜಿ ಎದ್ದುಹೋದದ್ದು ನಿಮ್ಮ ಮೇಲಿನ ಮುನಿಸಿನಿಂದ ಅಂತ ನನಗನ್ನಿಸುವುದಿಲ್ಲ. ಅವರ ಕಾಲದ ಹೆಂಗಸರನ್ನು "ನಿನ್ನ ಬದುಕಿನ ಬಗ್ಗೆ ಹೇಳು" ಎಂದು ಯಾರೂ ಕೇಳಿದ್ದಿಲ್ಲ. ಮಗುವಾಗಿದ್ದಾಗ ಕೇಳಲಿಲ್ಲ, ಮದುವೆ ಮಾಡುವಾಗ ಕೇಳಲಿಲ್ಲ, ಗಂಡ ತೀರಿಕೊಂಡಾಗಲೂ ಕೇಳಲಿಲ್ಲ. 85ನೇ ವಯಸ್ಸಿನಲ್ಲಿ ಮೊಬೈಲ್ ಎದುರು ಕೂತು ಒಂದೇ ಸಲಕ್ಕೆ ಅದನ್ನು ಜೋಡಿಸಿ ಹೇಳಲು ಯಾರಿಂದ ಆಗುತ್ತದೆ? ಆದರೆ ಗಜನಿಯಲ್ಲಿ ಕಗ್ಗದ ಭತ್ತ ಹೇಗೆ ಬಿತ್ತುತ್ತಿದ್ದಿರಿ ಎಂದು ಕೇಳಿ ನೋಡಿ. ಮಾತು ಮುಗಿಯುವಷ್ಟರಲ್ಲಿ ಊಟದ ಹೊತ್ತು ದಾಟಿರುತ್ತದೆ.

ಈ ಜಿಲ್ಲೆಯ ಹಿರಿಯರ ಜೊತೆ ಮಾತಾಡುತ್ತ ಬಂದವಳಾಗಿ ನಾನು ಮೊದಲು ಹೇಳುವುದು ಇದನ್ನೇ. ಅಭಿಪ್ರಾಯ ಕೇಳಬೇಡಿ, ಕೆಲಸ ಕೇಳಿ. ಅಂಕೋಲೆಯ ಇಬ್ಬರು ಹೆಂಗಸರನ್ನೇ ನೆನೆಯಿರಿ. ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, ಹೊನ್ನಳ್ಳಿಯ ತುಳಸಿ ಗೌಡರಿಗೆ 2020ರ ಸಾಲಿನಲ್ಲಿ. ಇಬ್ಬರೂ ಶಾಲೆ ಕಲಿತವರಲ್ಲ, ಇಬ್ಬರೂ ಈಗಿಲ್ಲ. ಒಬ್ಬರ ಬಾಯಲ್ಲಿ ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಡಿನ ದೊಡ್ಡ ಭಂಡಾರವಿತ್ತು. ಇನ್ನೊಬ್ಬರಿಗೆ ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕು, ಹೇಗೆ ಮೊಳೆಯಿಸಬೇಕು ಎಂಬುದು ಅಂಗೈಯಲ್ಲಿತ್ತು. ಹೊರಗಿನವರು ಹಾಡು ಕೇಳಿದರು, ಸಸಿ ಕೇಳಿದರು. ಹಾಗೆ ಕೇಳಿದ್ದರಿಂದ ಅವರ ಬದುಕೂ ಹೊರಗೆ ಬಂತು. ನಿಮ್ಮ ಅಜ್ಜಿಗೆ ಯಾವ ಪ್ರಶಸ್ತಿಯೂ ಬಂದಿರಲಿಕ್ಕಿಲ್ಲ, ಆದರೆ ಅವರ ಕೈಗೆ ಗೊತ್ತಿರುವುದು ಕಡಿಮೆಯೇನಲ್ಲ.

ಹಾಗಾಗಿ ಮುಂದಿನ ಸಲ ಊರಿಗೆ ಹೋದಾಗ ಕುರ್ಚಿ ಹಾಕಿ ಎದುರು ಕೂರಿಸಬೇಡಿ. ಹಲಸಿನ ಹಪ್ಪಳ ಒತ್ತುವಾಗ, ಮುರುಗಲು ಸಿಪ್ಪೆ ಒಣಹಾಕುವಾಗ, ಮೀನು ಹೆಚ್ಚುವಾಗ ಪಕ್ಕದಲ್ಲಿ ಕೂತು ನೀವೂ ಕೈಹಾಕಿ. ಕೈ ಕೆಲಸದಲ್ಲಿದ್ದರೆ ಕಣ್ಣಿಗೆ ಕಣ್ಣು ಕೊಡಬೇಕಾದ ಮುಜುಗರವಿಲ್ಲ, ನಡುವೆ ಸುಮ್ಮನಿದ್ದರೂ ಚೆಂದ. ಇಸವಿ ಕೇಳಬೇಡಿ. ಮಳೆಯ ಲೆಕ್ಕದಲ್ಲಿ ಕೇಳಿ: "ಮೃಗಶಿರ ಮಳೆ ಹೊತ್ತಿಗೆ ಎಂತಾ ಕೆಲಸ ಇರ್ತಿತ್ತು?" "ಅಪ್ಪ ಹುಟ್ಟುವಾಗ ಗದ್ದೆ ನೆಟ್ಟಿಯೋ, ಕೊಯ್ಲೋ?" ಇಸವಿ ಕಂಡುಕೊಳ್ಳುವುದು ನಿಮ್ಮ ಕೆಲಸ. ಅದಕ್ಕೆ ನಾನೂ ಸ್ವಲ್ಪ ನೆರವಾಗುತ್ತೇನೆ, ಯಾಕೆಂದರೆ ನೀವು ಬರೆದ ಮೂರು ಒಗಟುಗಳ ಹಿಂದೆ ಈ ಊರಿನ ಚರಿತ್ರೆಯೇ ಇರುವ ಹಾಗೆ ಕಾಣುತ್ತದೆ.

ಅವರು 1940ರ ಆಸುಪಾಸು ಹುಟ್ಟಿದವರು. ಆಗ ಉತ್ತರ ಕನ್ನಡ ಮುಂಬೈ ಪ್ರಾಂತದಲ್ಲಿತ್ತು; ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅಂದರೆ ಅಜ್ಜಿ ಬೆಳೆದದ್ದು ಒಂದು ರಾಜ್ಯದಲ್ಲಿ, ಬಾಳಿದ್ದು ಇನ್ನೊಂದರಲ್ಲಿ, ಊರು ಬಿಟ್ಟು ಕದಲದೆಯೇ. ಮದುವೆಯಾಗುವ ಹೊತ್ತಿಗೆ ಹುಡುಗಿಯ ಕಾನೂನುಬದ್ಧ ವಯಸ್ಸು 15 ಇತ್ತು. ಅದು 18 ಆದದ್ದು 1978ರಲ್ಲಿ. ತವರಿಗೂ ಗಂಡನ ಮನೆಗೂ ನಡುವೆ ಗಂಗಾವಳಿ. ಸೇತುವೆಗಳು ಬರುವ ಮುಂಚೆ ಈ ಕರಾವಳಿಯಲ್ಲಿ ಹೊಳೆ ದಾಟುವುದೆಂದರೆ ದೋಣಿ, ತಾರಿ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿದರೆ ತವರಿನ ಸುದ್ದಿಯೂ ಇಲ್ಲ. ಈಗ ಅರ್ಧ ಗಂಟೆಯ ದಾರಿಯನ್ನು ಅವರು ಇವತ್ತಿಗೂ "ದೂರ" ಎನ್ನುತ್ತಿದ್ದರೆ ಆಶ್ಚರ್ಯಪಡಬೇಡಿ. ಕೊಂಕಣ ರೈಲು ಈ ದಾರಿಯಲ್ಲಿ ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ, ಆಗ ಅಜ್ಜಿಗೆ ಆಗಲೇ ಅರವತ್ತರ ಹತ್ತಿರ.

ಇನ್ನು ಟ್ರಂಕು. ಅಂಕೋಲೆಯಲ್ಲಿ ಹುಟ್ಟಿದ ಮಗು ಯಾವ ಮಾತುಗಳನ್ನು ಕೇಳಿ ಬೆಳೆದಿರುತ್ತದೆ, ಯೋಚಿಸಿ. ಕರ್ನಾಟಕದಲ್ಲಿ ಉಪ್ಪಿನ ಸತ್ಯಾಗ್ರಹದ ಕೇಂದ್ರವಾದದ್ದು ಅಂಕೋಲೆ, 1930ರ ಏಪ್ರಿಲ್‌ನಲ್ಲಿ. ಅದರ ಬೆನ್ನಿಗೇ ಅಂಕೋಲೆ, ಸಿರ್ಸಿ, ಸಿದ್ದಾಪುರ ಭಾಗದಲ್ಲಿ ಕರನಿರಾಕರಣೆ. ತೆರಿಗೆ ಕಟ್ಟದ ಮನೆಗಳಿಂದ ದನಕರು, ಪಾತ್ರೆಪರಡಿ ಎತ್ತಿಕೊಂಡು ಹೋದರು. ಗದ್ದೆತೋಟ ಜಪ್ತಿಯಾಗಿ ಹರಾಜಾದವು. ಸಿದ್ದಾಪುರ ಕಡೆ ಹರಾಜಿನಲ್ಲಿ ಆಸ್ತಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಜಪ್ತಿಯಾದ ಭೂಮಿ ಹಿಂದಿರುಗುವ ದಾರಿಯಾದದ್ದು 1937ರಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ. ಅಜ್ಜಿ ಇದನ್ನು ಕಣ್ಣಾರೆ ಕಂಡಿಲ್ಲ. ಆದರೆ ಬಾಲ್ಯದಲ್ಲಿ ಜಗಲಿಯ ಮೇಲೆ ಹಿರಿಯರು ಆಡಿಕೊಳ್ಳುತ್ತಿದ್ದದ್ದು ಇದೇ ಇರಬೇಕು: ಆಸ್ತಿ ಒಂದು ಬೆಳಿಗ್ಗೆ ಹೋಗಬಹುದು, ಮರಳಿ ಪಡೆಯಲು ವರ್ಷಗಟ್ಟಲೆ ಬೇಕು.

ಇದರ ಜೊತೆಗೆ ಗೇಣಿ, ಅಂದರೆ ಒಡೆಯರ ಗದ್ದೆ ಉತ್ತು ಬೆಳೆಯಲ್ಲಿ ಪಾಲು ಕೊಡುವ ಪದ್ಧತಿ. ನಿಮ್ಮ ಮನೆಯವರು ಗೇಣಿ ಮಾಡಿದವರೇ ಎಂದು ನೀವು ಬರೆದಿಲ್ಲ. ಆ ಭಾಗದ ಬಹುಪಾಲು ಮನೆಗಳು ಹಾಗೇ, ಅಪ್ಪನನ್ನು ಕೇಳಿ ತಿಳಿದುಕೊಳ್ಳಿ. ಇಡೀ ವರ್ಷ ಬೆವರು ಸುರಿಸಿ ಬೆಳೆದದ್ದನ್ನು ಒಡೆಯರ ಅಂಗಳಕ್ಕೆ ಹೊತ್ತು, ಕೊಳಗದಲ್ಲಿ ಅಳೆದುಕೊಟ್ಟು ಬರುವುದು. ಹೆಚ್ಚಿನ ಕಡೆ ಅದೆಲ್ಲ ಬಾಯಿಮಾತಿನ ವ್ಯವಹಾರ, ರಶೀದಿ ಇಲ್ಲ. ಈ ರೈತರ ಪರವಾಗಿ ನಿಂತದ್ದಕ್ಕೆ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. 1974ರಲ್ಲಿ ಉಳುವವರಿಗೇ ನೆಲ ಕೊಡುವ ಭೂಸುಧಾರಣೆ ಕಾನೂನು ಬಿಗಿಯಾದಾಗ ಗೇಣಿದಾರರು ಏಳನೇ ನಂಬರ್ ಫಾರಂ ತುಂಬಿ ಡಿಕ್ಲರೇಶನ್ ಹಾಕಬೇಕಿತ್ತು, ತಾಲೂಕಿನ ಭೂನ್ಯಾಯ ಮಂಡಳಿಯ ಮುಂದೆ ಈ ಗದ್ದೆ ಉಳುತ್ತಿರುವವರು ನಾವೇ ಎಂದು ತೋರಿಸಬೇಕಿತ್ತು. ಕೈಯಲ್ಲಿ ಚೂರು ಕಾಗದವಿದ್ದವರ ದಾರಿ ಸುಲಭವಾಯಿತು. ಇಲ್ಲದವರು ಸಾಕ್ಷಿಗೆ ನೆರೆಹೊರೆಯವರ ಮನೆಬಾಗಿಲಿಗೆ ಅಲೆದರು. ಆಗ ಅಜ್ಜಿಗೆ ಮೂವತ್ತನಾಲ್ಕರ ಸುಮಾರು, ಮನೆ ಪೂರ್ತಿ ಅವರ ಹೆಗಲ ಮೇಲಿದ್ದ ವಯಸ್ಸು. ಅಂಥ ಹೆಂಗಸು ಆಮೇಲೆ ಯಾವ ಕಾಗದವನ್ನು ಎಸೆದಾರು? ಕರೆಂಟ್ ಬಿಲ್ಲು ನಿಮಗೆ ಕಸ. ಅವರಿಗೆ ಅದು ಈ ಮನೆಯಲ್ಲಿ ನಾವಿದ್ದೇವೆ ಎಂಬುದಕ್ಕೆ ಸರ್ಕಾರವೇ ಕೊಟ್ಟ ಪುರಾವೆ. ಟ್ರಂಕು ಖಾಲಿ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅವರನ್ನೇ ಪಕ್ಕ ಕೂರಿಸಿಕೊಂಡು ಒಂದೊಂದೇ ತೆಗೆದು "ಇದೆಂತಾ ಅಜ್ಜಿ?" ಎನ್ನಿ. ನಿಮಗೆ ಬೇಕಾದ ಆತ್ಮಕತೆ ಅದರೊಳಗೇ ಇರುವ ಸಾಧ್ಯತೆ ಹೆಚ್ಚು.

ಗಜನಿಯ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಬೆಂಗಳೂರಿನಿಂದ ನೋಡಿದರೆ ಅದು ಬರೀ ಪಾಳುಬಿದ್ದ ಉಪ್ಪುನೀರಿನ ಜಾಗ. ಸಮುದ್ರದ ಉಬ್ಬರದ ನೀರು ಹೊಳೆಯೊಳಗೆ ಏರಿ ಬರುವ ಜಾಗದಲ್ಲಿ ಮಣ್ಣಿನ ಒಡ್ಡು ಕಟ್ಟಿ, ಮಳೆನೀರು ಉಪ್ಪನ್ನು ತೊಳೆಯಲು ಬಿಟ್ಟು, ಅಲ್ಲಿ ಕಗ್ಗ ಬೆಳೆಯುತ್ತಿದ್ದರು. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಎತ್ತರದ ಭತ್ತ ಅದು. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ದಂಟನ್ನು ನೀರಿನಲ್ಲೇ ಬಿಡುತ್ತಿದ್ದರು. ಅದನ್ನು ತಿಂದು ಮೀನು, ಸಿಗಡಿ ಬೆಳೆಯುತ್ತಿದ್ದವು. ಒಂದೇ ನೆಲದಿಂದ ಅನ್ನವೂ ಮೀನೂ. ಇದು ಒಂದು ಮನೆಯಿಂದ ಆಗುವ ಕೆಲಸವಲ್ಲ. ಒಡ್ಡು ಎಲ್ಲಿ ಒಡೆದರೂ ಉಪ್ಪುನೀರು ಎಲ್ಲರ ಪಾಲಿಗೂ ನುಗ್ಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಒಡ್ಡು ಜರಿದರೆ ನಡುರಾತ್ರಿ ಕೂಗು ಹಾಕಿ, ಹೆಂಗಸರು ಗಂಡಸರೆನ್ನದೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಬೇಕಿತ್ತು. ಯಾರ ಪಾಲಿನ ಎದುರು ಒಡೆದಿದೆ ಎಂದು ಯಾರೂ ಕೇಳುವ ಹಾಗಿರಲಿಲ್ಲ. ಆಮೇಲೆ ಸಿಗಡಿ ಕೃಷಿ ಬಂತು, 1990ರ ದಶಕದಲ್ಲಿ ಗಜನಿಗಳು ಗುತ್ತಿಗೆಗೆ ಹೋದವು, ಎಷ್ಟೋ ಕಡೆ ಕಗ್ಗ ನಿಂತೇಹೋಯಿತು. ಮಾಣಿಕಟ್ಟೆಯಂಥ ಕೆಲವು ಕಡೆ ರೈತರು ಸೇರಿ ಅದನ್ನು ಉಳಿಸಿಕೊಂಡಿದ್ದಾರೆ.

ಅಜ್ಜಿಯ ಹಟವನ್ನು ಇದರ ಎದುರಿಗೆ ಇಟ್ಟು ನೋಡಿ. ನಿಮ್ಮ ಅಪ್ಪನಿಗೆ ಅದು ಎಕರೆ ಲೆಕ್ಕದ ಆಸ್ತಿ. ಅಜ್ಜಿಗೆ ಅದು ಹತ್ತಾರು ಮನೆಗಳು ಸೇರಿ ಕಾಪಾಡಿದ ಒಡ್ಡಿನೊಳಗಿನ ಒಂದು ಪಾಲು. ನಮ್ಮದನ್ನು ನಾವು ಮಾರಿದರೆ ಪಕ್ಕದವರ ಒಡ್ಡಿನ ಗತಿಯೇನು ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಇದ್ದರೂ ಇರಬಹುದು. ಅಥವಾ ಗೇಣಿಯಿಂದ ಬಿಡಿಸಿಕೊಂಡ ನೆಲವನ್ನು ಮತ್ತೆ ಬೇರೆಯವರ ಕೈಗೆ ಕೊಡುವ ಸಂಕಟವಿರಬಹುದು. ಯಾವುದೆಂದು ನಾನು ದೂರದಿಂದ ಹೇಳಲಾರೆ. ಆದ್ದರಿಂದ "ಯಾಕೆ ಮಾರಬಾರದು?" ಅನ್ನಬೇಡಿ, ಅದು ಜಗಳದ ಪ್ರಶ್ನೆ. ಕೈಹಿಡಿದು ಗಜನಿಯವರೆಗೆ ಕರೆದುಕೊಂಡು ಹೋಗಿ, ನಡೆಯಲಾಗದಿದ್ದರೆ ರಿಕ್ಷಾ ಮಾಡಿ. ಒಡ್ಡು ಎಲ್ಲಿ ಒಡೆಯುತ್ತಿತ್ತು ಎಂದು ತೋರಿಸಲು ಹೇಳಿ. ಕೊನೆಗೆ ಮಾರುವ ತೀರ್ಮಾನವೇ ಆದರೂ ಆ ಮಾತುಕತೆಯಲ್ಲಿ ಅವರು ಕೂತಿರಬೇಕು. ಸಹಿ ಹಾಕಿಸುವ ದಿನ ಮಾತ್ರ ಕರೆಯುವುದು ಅನ್ಯಾಯ. ಆಸ್ತಿ ಅವರ ಹೆಸರಿನಲ್ಲಿದ್ದರೆ ಇನ್ನೂ ಜಾಗ್ರತೆ ಬೇಕು: ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಬರೆಸಿಕೊಂಡು ಆಮೇಲೆ ನೋಡಿಕೊಳ್ಳದೆ ಹೋದರೆ ಆ ಪತ್ರವನ್ನೇ ರದ್ದುಮಾಡಿಸುವ ಹಕ್ಕನ್ನು 2007ರ ಹಿರಿಯ ನಾಗರಿಕರ ಕಾಯ್ದೆ ಕೊಟ್ಟಿದೆ.

ಹೊಳೆಯಾಚೆಯ ಮನೆಗೆ ಹೋಗುವ ಅಕ್ಕಿಯ ವಿಷಯಕ್ಕೆ ನನ್ನ ಸಲಹೆ ಚಿಕ್ಕದು. ಈ ವರ್ಷ ಆ ಬುಟ್ಟಿಯನ್ನು ನೀವೇ ಹೊತ್ತುಕೊಂಡು ಹೋಗಿ, ಆದರೆ ಅಜ್ಜಿಯ ಜೊತೆಗೆ ಹೋಗಿ. ಮಳೆಗಾಲದ ಹಸಿವಿನ ದಿನಗಳಲ್ಲಿ ಕಡ ಕೊಟ್ಟವರಿರಬಹುದು, ಹೆರಿಗೆಗೆ ಬಂದು ನಿಂತವರಿರಬಹುದು, ಮಂಡಳಿಯ ಮುಂದೆ ಸಾಕ್ಷಿ ಹೇಳಿದವರಿರಬಹುದು. ಆ ಮನೆಯ ಹಿರಿಯರು ಇನ್ನೂ ಇದ್ದರೆ ಇಬ್ಬರೂ ಸೇರಿದಾಗ ಮಾತು ತಾನೇ ಬರುತ್ತದೆ, ನೀವು ಪ್ರಶ್ನೆ ಕೇಳುವ ಅಗತ್ಯವೂ ಬೀಳುವುದಿಲ್ಲ.

ಈಗ ಲೋಟದ ಮಾತು. ನೀವು ಜಗಳ ಆಡಿದ್ದು ಸರಿ. ಹಿರಿಯರನ್ನು ಅರ್ಥ ಮಾಡಿಕೊಳ್ಳುವುದೆಂದರೆ ಅವರು ಮಾಡಿದ್ದನ್ನೆಲ್ಲ ಒಪ್ಪುವುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಸ್ಪೃಶ್ಯತೆ ಸಂವಿಧಾನದ 17ನೇ ವಿಧಿಯಿಂದ 1950ರಲ್ಲೇ ರದ್ದಾಗಿದೆ, ಅದನ್ನು ಆಚರಿಸುವುದು 1955ರಿಂದ ಶಿಕ್ಷಾರ್ಹ ಅಪರಾಧ. ಅಜ್ಜಿಯ ವಯಸ್ಸು ಅದಕ್ಕೆ ವಿನಾಯಿತಿಯಲ್ಲ. ಎಲ್ಲಕ್ಕಿಂತ ಮೊದಲು, ಆ ಅಕ್ಕನ ಮರ್ಯಾದೆ ನಿಮ್ಮ ಅಜ್ಜಿಯ ಮನಸ್ಸು ಬದಲಾಗುವವರೆಗೆ ಕಾಯಬೇಕಾಗಿಲ್ಲ. ನಾಳೆಯಿಂದಲೇ ಮನೆಯವರು ಕುಡಿಯುವ ಲೋಟದಲ್ಲಿ, ಮನೆಯವರು ಕೂರುವ ಜಾಗದಲ್ಲಿ ಚಾ ಕೊಡುವಂತೆ ಅಪ್ಪ ಅಮ್ಮನಿಗೆ ಹೇಳಿ. ನೀವು ಊರಲ್ಲಿದ್ದಾಗ ನೀವೇ ಕೊಡಿ. ಹಿತ್ತಲಿನ ಲೋಟ ಹಿತ್ತಲಿನಿಂದ ಹೋಗಲಿ. ಅಜ್ಜಿ ಗೊಣಗಬಹುದು, ಗೊಣಗಲಿ. ಇದನ್ನು ಆ ಅಕ್ಕನ ಎದುರು ಭಾಷಣವಾಗಿ ಮಾತ್ರ ಮಾಡಬೇಡಿ. ಅವರು ಕೆಲಸಕ್ಕೆ ಬಂದವರು, ನಿಮ್ಮ ಮನೆಯ ಪಾಠಕ್ಕೆ ಉದಾಹರಣೆಯಾಗಲು ಬಂದವರಲ್ಲ.

ಇಷ್ಟು ಮಾಡಿದ ಮೇಲೆ ಅಜ್ಜಿಯ ಜೊತೆಗಿನ ಮಾತಿಗೆ ದಾರಿಯಿದೆ. ನಿಮ್ಮದು ಗೇಣಿ ಮನೆಯಾಗಿದ್ದರೆ, ಬೇರೆ ಯಾವತ್ತೋ ಒಂದು ದಿನ, ಲೋಟದ ಸುದ್ದಿ ಎತ್ತದೆ ಕೇಳಿ: "ಒಡೆಯರ ಮನೆಗೆ ಗೇಣಿ ಅಳೆಯಲು ಹೋದಾಗ ಎಲ್ಲಿ ಕೂರ್ತಿದ್ರಿ ಅಜ್ಜಿ? ನೀರು ಹೇಗೆ ಕೊಡ್ತಿದ್ರು?" ಈ ಪ್ರಶ್ನೆಗೆ ಈ ಕರಾವಳಿಯ ಎಷ್ಟೋ ಗೇಣಿ ಮನೆಗಳ ಹಿರಿಯರಿಂದ ನಾನು ಕೇಳಿದ ಉತ್ತರ ಒಂದೇ ಬಗೆಯದು: ಅಂಗಳದಲ್ಲಿ ನಿಲ್ಲಿಸುತ್ತಿದ್ದರು, ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು, ಉಂಡ ಎಲೆಯನ್ನು ನಾವೇ ಎತ್ತಿ ಜಾಗ ಸಾರಿಸಬೇಕಿತ್ತು. ತಾವು ಉಂಡ ಅವಮಾನವನ್ನು ತಮಗಿಂತ ಕೆಳಗೆ ನಿಲ್ಲಿಸಲ್ಪಟ್ಟವರಿಗೆ ಉಣ್ಣಿಸುತ್ತ ಬಂದದ್ದು ನಮ್ಮ ಜಾತಿ ವ್ಯವಸ್ಥೆಯ ಅತಿ ಕ್ರೂರವಾದ ಕೆಲಸ. ಅಜ್ಜಿ ಅದನ್ನು ಹೇಳಿ ಸುಮ್ಮನಾದರೆ ನೀವೂ ಸುಮ್ಮನಾಗಿ. "ನೋಡಿದ್ಯಾ, ನೀನೂ ಅದನ್ನೇ ಮಾಡ್ತಿದ್ದಿ" ಎಂದು ಆಗಲೇ ಗೆಲ್ಲಲು ಹೋಗಬೇಡಿ. ಅವರು ಬದಲಾಗುತ್ತಾರೆಂದು ನಾನು ಮಾತು ಕೊಡಲಾರೆ. ಕೆಲವರು ಬದಲಾಗಿದ್ದಾರೆ, ಕೆಲವರು ಕೊನೆಯವರೆಗೂ ಬದಲಾಗಲಿಲ್ಲ. ಬದಲಾಗದಿದ್ದರೂ ನೀವು ಅವರನ್ನು ಪ್ರೀತಿಸಬಹುದು, ಲೋಟದ ವಿಷಯದಲ್ಲಿ ಬಗ್ಗದೆಯೂ ಇರಬಹುದು. ಎರಡೂ ಒಟ್ಟಿಗೆ ಸಾಧ್ಯ.

ಹೇಳಿದ್ದನ್ನೇ ಹೇಳುತ್ತಾರೆಂಬ ಬೇಸರ ಮುಂದೆ ನಿಮಗೆ ಬರುತ್ತದೆ, ಅದಕ್ಕೂ ತಯಾರಾಗಿರಿ. ವಯಸ್ಸಾದವರಿಗೆ ಹೆಚ್ಚು ಗಟ್ಟಿಯಾಗಿ ಉಳಿಯುವುದು ಸುಮಾರು ಹತ್ತರಿಂದ ಮೂವತ್ತು ವರ್ಷದವರೆಗಿನ ನೆನಪು. ಮನಶ್ಶಾಸ್ತ್ರಜ್ಞರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಕೊನೆಗಾಲದಲ್ಲಿ ಹಳೆಯದನ್ನು ಮತ್ತೆ ಮತ್ತೆ ತಿರುವುವುದು ಅರಳುಮರಳಿನ ಲಕ್ಷಣವಲ್ಲ, ಬದುಕಿನ ಲೆಕ್ಕ ತೀರಿಸಿಕೊಳ್ಳುವ ಸಹಜ ಕೆಲಸ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದರು. ಐದನೇ ಸಲ ಹೇಳುವಾಗ ಒಂದು ಹೊಸ ಹೆಸರು, ಹೊಸ ವಿವರ ಸೇರಿಕೊಳ್ಳುವುದುಂಟು. ಅದಕ್ಕೆ ಕಿವಿಗೊಡಿ.

ಆದರೆ ಕೆಲವು ಬಾಗಿಲುಗಳನ್ನು ತಟ್ಟಬೇಡಿ. ಅವರು ಹೆತ್ತ ಕಾಲದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಮೊದಲ ವರ್ಷದಲ್ಲೇ ತೀರಿಕೊಳ್ಳುತ್ತಿದ್ದರು. ನಿಮಗೆ ಗೊತ್ತಿಲ್ಲದ ಒಬ್ಬ ದೊಡ್ಡಪ್ಪನೋ ಅತ್ತೆಯೋ ಇದ್ದಿರಬಹುದು. ಅವರಾಗಿ ಹೇಳಿದರೆ ಕೇಳಿ, ಇಲ್ಲವೆಂದರೆ ಅದು ಅವರದೇ ಆಗಿರಲಿ.

ಒಂದೆರಡು ವ್ಯಾವಹಾರಿಕ ಮಾತು. ಫೋನಿನಲ್ಲಿ "ಉಂಡ್ಯಾ" ಬಿಟ್ಟು ಮಾತಿಲ್ಲದ್ದಕ್ಕೆ ಕೋಪವೊಂದೇ ಕಾರಣವಿರಲಿಕ್ಕಿಲ್ಲ, ಕಿವಿ ಮಂದವಾಗಿರಲೂಬಹುದು. ವಯಸ್ಸಾದಂತೆ ಮೊದಲು ಕೇಳಿಸದಾಗುವುದು ತೆಳು, ಎತ್ತರದ ದನಿಗಳು; ಹುಡುಗಿಯರ ದನಿ ಫೋನಿನಲ್ಲಿ ಇನ್ನೂ ಕಷ್ಟ. ಕಿರುಚಬೇಡಿ, ನಿಧಾನಕ್ಕೆ ಮಾತಾಡಿ, ಎದುರಿದ್ದಾಗ ಬೆಳಕಿಗೆ ಮುಖಕೊಟ್ಟು ಕೂತು ಮಾತಾಡಿ. ಕಿವಿಯ ತಪಾಸಣೆ ಮಾಡಿಸಿ. ಬೆಳಗಿನ ಹೊತ್ತು ಮಾತಿಗೆ ಒಳ್ಳೆಯದು, ಸಂಜೆಗೆ ಬಹಳ ಮಂದಿ ದಣಿದಿರುತ್ತಾರೆ. ಇನ್ನು, ಗೊತ್ತಿರುವ ದಾರಿಯಲ್ಲೇ ತಪ್ಪುವುದು, ನನ್ನ ಒಡವೆ ಕದ್ದರು ಎಂದು ಮನೆಯವರನ್ನೇ ದೂರುವುದು, ಕೆಲವೇ ವಾರಗಳಲ್ಲಿ ಸ್ವಭಾವ ಬದಲಾಗುವುದು, ತಿನ್ನುವುದು ಬಿಡುವುದು ಇವೆಲ್ಲ ಕಂಡರೆ "ವಯಸ್ಸಾಯ್ತಲ್ಲ" ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್, ಸೋಂಕು, ಮಾತ್ರೆಗಳ ಅಡ್ಡಪರಿಣಾಮ, ಖಿನ್ನತೆ ಇವುಗಳಿಂದಲೂ ಹಾಗಾಗುತ್ತದೆ, ಇವಕ್ಕೆಲ್ಲ ಚಿಕಿತ್ಸೆಯಿದೆ. ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567.

ಮೊಬೈಲನ್ನು ಪೂರ್ತಿ ಬಿಡಬೇಕಾಗಿಲ್ಲ. ಮೊದಲ ಕೆಲವು ದಿನ ಅದನ್ನು ಹೊರಗೆ ತೆಗೆಯಬೇಡಿ. ಮಾತು ಸಲೀಸಾದ ಮೇಲೆ "ಅಜ್ಜಿ, ಇದನ್ನು ದನಿಯಲ್ಲಿ ಹಿಡಿದಿಡಲಾ?" ಎಂದು ಕೇಳಿ, ಚಿತ್ರ ಬೇಡ, ದನಿ ಸಾಕು. ರಾತ್ರಿ ಅದನ್ನು ಅವರಿಗೇ ಕೇಳಿಸಿ. ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸುವ ಮುಂಚೆ ಒಪ್ಪಿಗೆ ಕೇಳಿ, ಬೇಡವೆಂದ ಭಾಗವನ್ನು ಅವರ ಎದುರಿಗೇ ಅಳಿಸಿ.